ತವರಿನ ಕೋಳಿ

ಮದುವೆಯಾದ ಮಗಳಿಗೆ ಬಳುವಳಿಯಾಗಿ ಹಸು ಕೊಡುವವರುಂಟು, ಎಮ್ಮೆ ಕೊಡುವವರುಂಟು. ನನ್ನವ್ವ ನನಗೆ ಕೊಟ್ಟದ್ದು ಒಂದು ಕೆಂಚು ಹ್ಯಾಟೆ ಕೋಳಿ. ಮಳವಳ್ಳಿ ಕಡೆಯ ನಮ್ಮೂರಿನಿಂದ ಯಲಿಯೂರಿನ ಹತ್ತಿರದ ಗಂಡನ ಮನೆಗೆ ಗಾಡಿಯಲ್ಲಿ ಬರುವಾಗ ಅದು ಮಂಕರಿಯೊಳಗೆ ಕೂತು ಗೊಣಗುತ್ತಿತ್ತು, ನಾನು ಪಕ್ಕದಲ್ಲಿ ಕೂತು ಅಳುತ್ತಿದ್ದೆ. ಮದ್ದೂರು ದಾಟುವ ಹೊತ್ತಿಗೆ ಇಬ್ಬರಿಗೂ ಸುಸ್ತಾಗಿ ಸುಮ್ಮನಾದೆವು.

ಗಾಡಿಯ ಜೊತೆ ಊರ ಬಾಗಿಲವರೆಗೆ ನಡೆದುಬಂದ ಅವ್ವ ಕೊನೆಗೆ ಹೇಳಿದ್ದೂ ಕೋಳಿಯ ಮಾತನ್ನೇ. "ಸಂಜೆ ಗೂಡಿಗೆ ಬುಡೋವಾಗ ಕತ್ತಿನ ಕೆಳಗೆ ಕಾಳಿನ ಚೀಲ ಮುಟ್ನೋಡು. ತುಂಬಿದ್ರೆ ಕೋಳಿ ಚೆಂದಾಗೈತೆ ಅಂತ. ಆಮ್ಯಾಕೆ ನೀನು ಉಣ್ಣು." ಎತ್ತುಗಳು ಹೊರಟುಬಿಟ್ಟವು. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಚಕ್ರದ ಸದ್ದಿಗೆ ಕೇಳಲಿಲ್ಲ.

ಗಂಡನ ಊರಿಗೆ ನಾಲೆಯ ನೀರು ಬಂದದ್ದು ಆಗಿನ್ನೂ ಹೊಸದು. ಎಲ್ಲರಿಗೂ ಗದ್ದೆಯ ಹುಚ್ಚು, ಕಬ್ಬಿನ ಹುಚ್ಚು. ನನಗೆ ಕೋಳಿಯ ಹುಚ್ಚು. ನಮ್ಮತ್ತೆಯ ಬಾಯಿ ಬೊಂಬಾಯಿ. "ತವರ್ನಿಂದ ಒಂದು ಕೋಳಿ ತಂದವ್ಳೆ, ಅದ್ಕೆ ಅಂಬಾರಿ ಒಂದು ಕಟ್ಟಿಸಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹಂಗಿಸುತ್ತಿದ್ದರು. ನಾನು ಮಾತ್ರ ಸಂಜೆ ಕೋಳಿಯನ್ನು ಎತ್ತಿ ಚೀಲ ಮುಟ್ಟಿ, ತುಂಬಿದೆ ಎಂದು ತಿಳಿದ ಮೇಲೆಯೇ ತಟ್ಟೆಗೆ ಕೈ ಹಾಕುತ್ತಿದ್ದೆ.

ನಾನು ಬಸುರಿಯಾಗಿದ್ದಾಗ ಅವ್ವ ತೀರಿಕೊಂಡಳು. ವಾಂತಿಭೇದಿ. ಸಂತೆಗೆ ಮಂಡ್ಯಕ್ಕೆ ಬಂದಿದ್ದ ನಮ್ಮೂರಿನವನೊಬ್ಬ, ಅವ್ವನಿಗೆ ಜೋರಾಗಿದೆ, ಮಗಳನ್ನು ಕಳಿಸಿ ಎಂದು ನಮ್ಮ ಬಾಗಿಲಿಗೇ ಬಂದು ಹೇಳಿದನಂತೆ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಜಗಲಿಯಿಂದಲೇ ಕಳಿಸಿದರು. ಬಸುರಿ ಹೆಂಗಸು ಹೆಣ ನೋಡಬಾರದು ಎಂಬುದು ನಮ್ಮಲ್ಲಿ ಕಲ್ಲಿನ ಮೇಲಿನ ಗೆರೆ. ನನಗೆ ತಿಳಿದದ್ದು ತಿಥಿಗೆ ಕರೆಯಲು ಬಂದ ಅಣ್ಣನ ಬೋಳುತಲೆ ನೋಡಿ. ಅರಚಲು ಬಾಯಿ ತೆರೆದೆ. "ಅಳ್ಬ್ಯಾಡ, ಒಟ್ಟೆ ಕೂಸಿಗೆ ತಟ್ತದೆ" ಎಂದು ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ನುಂಗಿಕೊಂಡೆ. ಮಗು ಹುಟ್ಟಿತು, ಅಂಬೆಗಾಲಿಟ್ಟಿತು. ಆ ಅಳು ಮಾತ್ರ ಒಳಗೇ ಉಳಿಯಿತು. ಅತ್ತೆಯ ಮೇಲಿನ ಸಿಟ್ಟೂ ಉಳಿಯಿತು.

ಒಂದು ಬೆಳಿಗ್ಗೆ ಗೂಡು ತೆಗೆದಾಗ ಬೇರೆ ಕೋಳಿಗಳು ಒಂದರ ಮೇಲೊಂದು ಬಿದ್ದು ಓಡಿದವು. ನನ್ನ ತವರಿನ ಕೋಳಿ ಕೆಂಚಿ ಕೊನೆಗೆ ಬಂದು ಒರಳಿನ ಪಕ್ಕ ನಿಂತಿತು. ರೆಕ್ಕೆಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು ತೂಕಡಿಸುತ್ತಿತ್ತು. ಜುಟ್ಟು ಕಪ್ಪಿಟ್ಟಿತ್ತು. ರಾಗಿ ಚೆಲ್ಲಿದರೆ ಒಂದು ಕಾಳನ್ನೂ ಕುಕ್ಕಲಿಲ್ಲ. ಬಾಯಿ ತೆರೆದಾಗ ಹುಳಿ ನಾತ ಬಂತು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಕೊಕ್ಕರೆ ರೋಗ ಕಣವ್ವ. ಸಾಯೋಕೆ ಮುಂಚೆ ಕುಯ್ದ್ಬುಡಿ, ಸಾರಿಗಾದ್ರೂ ಆಯ್ತದೆ" ಅಂದಳು. ಅವಳು ಹೇಳಿದ್ದೇನೂ ಹೊಸದಲ್ಲ, ಎಲ್ಲರ ಮನೆಯಲ್ಲೂ ಹಾಗೆಯೇ. ಅತ್ತೆ ಬಗ್ಗಿ ಹಿಕ್ಕೆ ನೋಡಿದರು, ಕತ್ತು ತಿರುಚಿದೆಯೇ ಎಂದು ನೋಡಿದರು. "ರೋಗ ಅಲ್ಲ. ಮಿಕ್ಕವು ಚೆನ್ನಾಗವೆ" ಅಂದರು.

"ನೆನ್ನೆ ಸಂಜೆ ಮುಟ್ನೋಡಿದ್ದೆ, ಚೀಲ ತುಂಬಿತ್ತು" ಅಂದೆ.

"ಈಗ ಮುಟ್ಟು."

ಮುಟ್ಟಿದೆ. ಈಗಲೂ ತುಂಬಿತ್ತು, ತಂಗಳು ಮುದ್ದೆಯ ಹಾಗೆ ಗಟ್ಟಿಯಾಗಿತ್ತು.

"ಸಂಜೆ ತುಂಬಿರ್ಬೇಕು, ಬೆಳಿಗ್ಗೆ ಬರಿದಾಗಿರ್ಬೇಕು ಕಣಮ್ಮಿ. ತಿಂದಿದ್ದು ಕೆಳಿಕ್ಕೆ ಇಳಿದೇ ಇಲ್ಲ. ನಿಮ್ಮವ್ವ ಅರ್ಧ ಯೋಳವ್ಳೆ."

ಅವ್ವ ಗಾಡಿಯ ಹಿಂದೆ ಕೂಗಿದ್ದು ಉಳಿದರ್ಧವೇ ಇರಬೇಕು ಅನ್ನಿಸಿತು. ಇನ್ನು ಕೇಳೋಣವೆಂದರೆ ಅವಳಿಲ್ಲ. ನನ್ನ ಕೈಯ ಕೆಳಗೇ ಚೀಲ ತುಂಬಿಕೊಂಡು ಕೋಳಿ ಉಪವಾಸ ಬಿದ್ದಿತ್ತು. ಅವ್ವನ ಕೈ ಮುಟ್ಟಿದ ಜೀವ ಆ ಮನೆಯಲ್ಲಿ ನನ್ನದು ಬಿಟ್ಟರೆ ಅದೊಂದೇ.

ಕೋಳಿ ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರಾ ಎಂದು ಮಾತುಮಾತಿಗೆ ಅನ್ನುತ್ತಿದ್ದ ಅತ್ತೆ ಆವತ್ತು ನನ್ನ ಮುಖ ನೋಡಿ, "ಏನ್ ಮಾಡಾನ?" ಅಂದರು. "ಉಳಿಸಿಕೊಡಿ" ಅಂದೆ. ಅವರನ್ನು ನಾನು ಅಲ್ಲಿಯವರೆಗೆ ಏನನ್ನೂ ಕೇಳಿರಲಿಲ್ಲ.

ಹರಳೆಣ್ಣೆ ಕುಡಿಸಿ ಮಧ್ಯಾಹ್ನದವರೆಗೂ ಚೀಲವನ್ನು ನೀವಿದರು. ಗಂಟು ಕರಗಲಿಲ್ಲ. ಕೊನೆಗೆ ಕ್ಷೌರದ ಕತ್ತಿ ತರಿಸಿದರು. ನಾನು ಹಿಡಿದುಕೊಂಡೆ, ಅವರು ಪುಕ್ಕ ಕಿತ್ತು ಸಣ್ಣಗೆ ಸೀಳಿದರು. ಒಳಗಿನಿಂದ ಬಂದದ್ದು ಹಗ್ಗ ಹೊಸೆದ ಜಾಗದಲ್ಲಿ ಉದುರಿದ್ದ ಸೆಣಬಿನ ನಾರು, ಉಂಡೆ ಕಟ್ಟಿಕೊಂಡು ಹುಳಿತಿತ್ತು. ಉಪ್ಪುನೀರಲ್ಲಿ ತೊಳೆದು, ಕೌದಿ ಹೊಲಿಯುವ ಸೂಜಿಯಿಂದ ಹೊಲಿದು, ಅರಿಶಿನ ಮೆತ್ತಿದರು. ಬಯ್ಯುತ್ತಲೇ ಹೊಲಿದರು. ಕೋಳಿಯನ್ನು, ನಾರನ್ನು, ನನ್ನನ್ನು, ಯಾರನ್ನೂ ಬಿಡಲಿಲ್ಲ.

ಮಾರನೆಯ ದಿನ ಕೆಂಚಿ ಕಣ್ಣು ಬಿಟ್ಟಿತು. ತೆಳ್ಳಗಿನ ಅಂಬಲಿಯನ್ನು ಬೆರಳಲ್ಲಿ ತೊಟ್ಟಿಕ್ಕಿದರೆ ನುಂಗಿತು. ಎದ್ದು ನಿಂತು ಪುಕ್ಕ ಕೊಡವಿತು. ನನಗೆ ಆಸೆ ಹುಟ್ಟಿತು. ಅದರ ಮರುದಿನ ಅದನ್ನು ಅತ್ತೆಗೆ ಒಪ್ಪಿಸಿ, ಗದ್ದೆಯಲ್ಲಿ ಕಳೆ ಕೀಳಲು ಹೋದೆ.

ಬಿಸಿಲೇರಿದ ಹೊತ್ತಲ್ಲಿ ತಲೆಯೆತ್ತಿದರೆ ಬದುವಿನ ಮೇಲೆ ಅತ್ತೆ. ಮಂಡಿನೋವೆಂದು ಹಿತ್ತಿಲು ದಾಟದ ಹೆಂಗಸು, ಸೊಂಟದಲ್ಲಿ ನನ್ನ ಮಗು ಹೊತ್ತು, ಕುಂಟಿಕೊಂಡು ಬರುತ್ತಿದ್ದರು. "ಬಾ, ಬ್ಯಾಗ ಬಾ. ಕೋಳಿ ಓಯ್ತಾ ಐತೆ."

ಕೆಸರುಗಾಲಲ್ಲೇ ಓಡಿದೆ. ಹಿಂದಿನಿಂದ ಏದುಸಿರಿನಲ್ಲಿ ಅವರ ಮಾತು ಕೇಳಿತು. "ಆವತ್ತು ಯೋಳ್ಲಿಲ್ಲ ಕಣಮ್ಮಿ. ಇವತ್ತು ಯೋಳಿವ್ನಿ."

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಓಡಲಾಗುತ್ತಿರಲಿಲ್ಲ.

ಕೋಳಿ ಮಂಕರಿಯಲ್ಲಿ ಒರಗಿತ್ತು. ಎತ್ತಿ ಮಡಿಲಿಗೆ ಹಾಕಿಕೊಂಡೆ. ಕಣ್ಣು ಒಮ್ಮೆ ತೆರೆದು ಮುಚ್ಚಿತು. ಹೊಲಿಗೆಯ ಮೇಲೆ ಕೈಯಿಟ್ಟೆ, ಚೀಲ ಬರಿದಾಗಿತ್ತು. ಸ್ವಲ್ಪ ಹೊತ್ತಿಗೆ ಕಾಲು ಚಾಚಿ ಹೋಯಿತು. ಆಗ ನನ್ನೊಳಗಿಂದ ಬಂದ ಸದ್ದು ನನ್ನದೆಂದು ನನಗೇ ಗೊತ್ತಾಗಲಿಲ್ಲ. ಅವ್ವಾ ಅವ್ವಾ ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. ಮಗು ಬೆಚ್ಚಿ ಅಳತೊಡಗಿತು. ಅತ್ತೆ ಈ ಸಲ ನನ್ನ ಬಾಯಿಗೆ ಕೈ ತರಲಿಲ್ಲ.

ಗಲಾಟೆ ಕೇಳಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. "ಇದೇನವ್ವ ಇದು, ಒಂದು ಕೋಳಿಗೆ ಇಂಗೆ ಅಳೋದಾ ನಿನ್ ಸೊಸೆ?"

ಅತ್ತೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಬಾಗಿಲಿಗೆ ಅಡ್ಡ ನಿಂತರು. "ಅವ್ಳ ಅವ್ವ ತೀರ್ಕಂಡವ್ಳೆ ಕಣೆ" ಅಂದರು. "ಅಳ್ಳಿ ಬುಡು."