ಬೇವಿನ ಕೆಳಗೆ ಕೂತ ಅವ್ವ

ನನ್ನ ಅಣ್ಣ ಕುಡಿಯುತ್ತಾನೆಂದು ಮನೆಯಲ್ಲಿ ಗೊತ್ತಾದಾಗ ಅವನು ಹತ್ತನೆಯ ತರಗತಿಯಲ್ಲಿದ್ದ, ನಾನು ಎಂಟನೆಯದರಲ್ಲಿ. ನಮ್ಮದು ಹೊರ್ತಿಯ ಹತ್ತಿರದ ಸಣ್ಣ ಹಳ್ಳಿ. ಇಬ್ಬರೂ ಒಂದೇ ಶಾಲೆಗೆ ಹೋಗುತ್ತಿದ್ದೆವು.

ಅಣ್ಣ ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದ. ಲೆಕ್ಕದಲ್ಲೂ ಜಾಣ, ರೊಟ್ಟಿ ಮುರಿದು ತೋರಿಸಿ ನನಗೆ ಭಿನ್ನರಾಶಿ ಕಲಿಸಿದವನು ಅವನೇ. ಆಮೇಲೆ ಹೊಸ ಕೋಣೆ ಕಟ್ಟಲೆಂದು ಶಾಲೆಯ ಮೈದಾನದಲ್ಲಿ ಉಸುಕು, ಕಲ್ಲು ತಂದು ಸುರಿದರು. ಕೋಣೆ ಅರ್ಧಕ್ಕೆ ನಿಂತಿತು, ರಾಶಿ ಅಲ್ಲೇ ಉಳಿಯಿತು. ಆಟವಿಲ್ಲದ ಹುಡುಗರು ಲಿಂಬೆ ತೋಟವೊಂದರ ಮೋಟಾರು ಕೋಣೆಯ ಹಿಂದೆ ಕೂತು ಮೊಬೈಲು ನೋಡತೊಡಗಿದರು. ಕಾಯಿ ಹರಿಯಲು ಬಂದ ದೊಡ್ಡವರು ಅಲ್ಲೇ ಕುಡಿಯುತ್ತಿದ್ದರು. ತಮಾಷೆಗೆಂದು ಹುಡುಗರಿಗೂ ಒಂದೊಂದು ಗುಟುಕು ಕೊಟ್ಟರು. ಅದು ರೂಢಿಯಾಯಿತು.

ಒಂದು ಸಂಜೆ ಅಣ್ಣ ಲಿಂಬೆ ಎಲೆ ಜಗಿಯುತ್ತ ಮನೆಗೆ ಬಂದ.

"ಬಾಯಿ ತೆಗಿ," ಅಂದಳು ಅವ್ವ. ಅವನು ತೆಗೆದ. ಅವಳು ಬಡಿಯಲಿಲ್ಲ, ಕಟ್ಟೆಯ ಮೇಲೆ ಕುಸಿದು ಕೂತಳು. "ಯಾಕಪಾ?"

"ಹೊತ್ತ ಹೋಗೂದಿಲ್ಲ, ಯವ್ವಾ."

ಅಪ್ಪ ಕೈ ಎತ್ತಿದ. "ನೀನೂ ಕುಡೀತಿ ಅಲ್ಲ?" ಅಂದ ಅಣ್ಣ. ಅಪ್ಪನ ಕೈ ಹಾಗೇ ಇಳಿಯಿತು. ಸಂತೆಯ ದಿನ ಅಪ್ಪ ಕುಡಿದು ಬರುವುದು ನಮಗೆಲ್ಲ ಗೊತ್ತಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಣ್ಣ ಲೆಕ್ಕದಲ್ಲೂ ಫೇಲಾದ. ಹೆಡ್‌ಮಾಸ್ತರರು ಅವ್ವನನ್ನು ಕರೆಸಿ, "ಊಟಕ್ಕ ಬಿಟ್ಟಾಗ ಹ್ವಾದಾವ ತಿರುಗಿ ಬರೂದಿಲ್ಲ ಬೇ, ತಾಯಿ," ಅಂದರು.

"ನಾ ಬಂದು ಕುಂಡ್ರತೇನ್ರಿ, ಸರ್."

ಅವರು ನಕ್ಕರು. ಮರುದಿನ ಅವ್ವ ನಿಜಕ್ಕೂ ಬಂದಳು. ಗೇಟಿನ ಬಳಿಯ ಬೇವಿನ ಮರದ ಕೆಳಗೆ ಕೂತು, ಮೊರದಲ್ಲಿ ಬೇಳೆ ಹಾಕಿಕೊಂಡು ಆರಿಸತೊಡಗಿದಳು. ಆಮೇಲೆ ದಿನಾ ಬಂದಳು. "ನಿಮ್ಮವ್ವ ಕಾವಲಕ್ಕ ಬಂದಾಳಲೇ!" ಎಂದು ಹುಡುಗರು ಅಣ್ಣನನ್ನು ಕಾಡಿದರು. ಕಿಟಕಿಯಿಂದ ಅವಳು ಕಂಡಾಗೆಲ್ಲ ನಾನೂ ನಾಚಿ ತಲೆ ತಗ್ಗಿಸುತ್ತಿದ್ದೆ. ಅಣ್ಣ ಅವಳ ಜೊತೆ ಮಾತು ಬಿಟ್ಟ. ಆದರೆ ಮಧ್ಯಾಹ್ನದ ಪಾಠಕ್ಕೆ ಕೂತ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಪಾಸಾದ. ಆ ದಿನ ತಾನಾಗಿಯೇ ಹೋಗಿ ಅವಳ ಪಕ್ಕದಲ್ಲಿ ಕೂತು ಬುತ್ತಿ ಉಂಡ. ಅವ್ವ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ವಾರ್ಷಿಕ ಪರೀಕ್ಷೆಯ ಕೇಂದ್ರ ಇಂಡಿಯಲ್ಲಿತ್ತು. ಹುಡುಗರೆಲ್ಲ ಟೆಂಪೊದಲ್ಲಿ ಹೋದರು, ಅವ್ವನೂ ಜೊತೆಗೆ ಹೋದಳು. ಕೇಂದ್ರದ ಹತ್ತಿರ ಪಾಲಕರನ್ನು ಬಿಡುತ್ತಿರಲಿಲ್ಲ, ಹಾಗಾಗಿ ದೂರದ ಚಹಾ ಅಂಗಡಿಯ ನೆರಳಲ್ಲಿ ನಿಂತಳು. ಲೆಕ್ಕದ ಪರೀಕ್ಷೆಯ ದಿನ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೇ ಮೇಷ್ಟ್ರೊಬ್ಬರು ಅಣ್ಣನ ರಟ್ಟೆ ಹಿಡಿದು ಹೊರಗೆ ಕರೆತಂದರು. ಅವನು ಬೆಂಚಿನ ಮೇಲೇ ವಾಂತಿ ಮಾಡಿಕೊಂಡಿದ್ದ.

"ಇವತ್ತ ಯಾಕೋ, ನನ್ನಪ್ಪಾ?" ಅಂದಳಂತೆ ಅವ್ವ.

"ಭಾಳ ಅಂಜಿಕಿ ಆಗಿತ್ತು, ಯವ್ವಾ. ಕುಡದ್ರ ಅಂಜಿಕಿ ಹೋಗ್ತೈತಿ ಅಂತ..."

ಟೆಂಪೊದಲ್ಲಿ ಊರವರಿರುತ್ತಾರೆಂದು ಅವ್ವ ಅವನನ್ನು ನಡೆಸಿಕೊಂಡೇ ಹೊರಟಳು. ದಾರಿಯಲ್ಲಿ ಅವನೇ ಒಪ್ಪಿಕೊಂಡ: ಮಧ್ಯಾಹ್ನದ ಕುಡಿತ ಬಿಟ್ಟಿದ್ದ, ಸಂಜೆಯದು ಬಿಟ್ಟಿರಲಿಲ್ಲ. ಬಿಸಿಲಿನಲ್ಲಿ ಇಬ್ಬರೂ ಮನೆಗೆ ಬಂದಾಗ ಅವ್ವನ ಕಾಲಿನ ಚಪ್ಪಲಿ ಅಣ್ಣನ ಕಾಲಲ್ಲಿತ್ತು. ಅವನದು ಎಲ್ಲೋ ಬಿದ್ದುಹೋಗಿತ್ತು.

ಪೂರಕ ಪರೀಕ್ಷೆಗೆ ಅವನು ಹೋಗಲಿಲ್ಲ. ಇಂಡಿಯ ಲಿಂಬೆ ಮಾರುಕಟ್ಟೆಯಲ್ಲಿ ಚೀಲ ಹೊರಲು ನಿಂತ. ಕುಡಿತ ಹಗಲಿಗೂ ಬಂತು.

ಎರಡು ವರ್ಷದ ನಂತರ ನನ್ನ ಹತ್ತನೆಯ ತರಗತಿಯ ಫಲಿತಾಂಶ ಬಂತು. ಅಣ್ಣ ಅಂಗಳದಲ್ಲಿ ಮಲಗಿದ್ದ. ಎಬ್ಬಿಸಿ, ಪಾಸಾದೆ ಎಂದು ಹೇಳಿದೆ. ಎದ್ದು ಒಳಗೆ ಹೋಗಿ ಸಕ್ಕರೆ ತಂದ. ಬಾಯಿಗೆ ಹಾಕಲು ಬಂದ ಕೈ ಎಷ್ಟು ನಡುಗಿತೆಂದರೆ ಅರ್ಧ ಸಕ್ಕರೆ ನನ್ನ ಗದ್ದದ ಮೇಲೆ, ಅಂಗಿಯ ಮೇಲೆ ಬಿತ್ತು. ಅವನಿಗಾಗ ಹದಿನೆಂಟು.

"ಮುಂದ ಕಲಿ. ಯಾರ ಏನ ಅಂದ್ರೂ ಬಿಡಬ್ಯಾಡ," ಅಂದ. ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದು ಕೂತ.

ಆ ದಿನ ಅವ್ವ ಹೋಳಿಗೆ ಮಾಡಿದಳು. ಅಷ್ಟರಲ್ಲಿ ಹೊರಗೆ ಹೋಗಿದ್ದ ಅಣ್ಣ ಉಣ್ಣಲು ಮನೆಗೆ ಬರಲಿಲ್ಲ.