ಭಾವೀ ಅಳಿಯನ ಹಿಂದಿನ ಓಟಗಳು

ಹೆಣ್ಣು ನೋಡಲು ಬಂದ ಹುಡುಗನನ್ನು ನೀವು ಏನು ಕೇಳುತ್ತೀರಿ? ಕೆಲಸ, ಊಟ, ಅಪ್ಪ-ಅಮ್ಮನ ಆರೋಗ್ಯ. ನಮ್ಮ ಯಜಮಾನರು ಕಳೆದ ಭಾನುವಾರ ಕೇಳಿದ್ದು, "ಕೆಸರಲ್ಲಿ ಓಡಿ ಅಭ್ಯಾಸ ಇದೆಯೇನಪ್ಪಾ?"

ಹುಡುಗ ಉಪ್ಪಿಟ್ಟಿನ ಚಮಚವನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ.

ತಪ್ಪು ಅಮೆರಿಕದ್ದು. ಅಲ್ಲಿಯ ಶನಿವಾರ ಸಂಜೆಯ ಕುದುರೆ ರೇಸು ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ನಮ್ಮ ಮನೆಗೆ ಭಾನುವಾರದ ತಿಂಡಿಯ ಹೊತ್ತಿಗೆ ಬರುತ್ತದೆ. ಕ್ಲಿನಿಕ್‌ನಿಂದ ರಿಟೈರ್ ಆದ ಮೇಲೆ ನಮ್ಮ ಡಾಕ್ಟರ್ ಯಜಮಾನರಿಗೆ ಅದೇ ಪಾರಾಯಣ. ದುಡ್ಡು ಹಾಕುವುದಿಲ್ಲ (ಅಷ್ಟು ಧೈರ್ಯ ಎಲ್ಲಿದೆ?). ಪ್ರತಿ ಕುದುರೆಯ ಹಿಂದಿನ ಓಟಗಳ ದಾಖಲೆಯನ್ನು ಪ್ರಿಂಟ್ ತೆಗೆದು, ಓಡಿದ್ದು ಮಣ್ಣಿನ ಮೇಲೋ ಹುಲ್ಲಿನ ಮೇಲೋ, ಅರ್ಧ ದಾರಿಯಲ್ಲಿ ಎಷ್ಟನೆಯದಿತ್ತು, ಕೊನೆಯಲ್ಲಿ ಸುಸ್ತಾಯಿತೋ ಎಂದೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಗೆಲ್ಲುವ ಕುದುರೆ ಯಾವುದೆಂದು ಘೋಷಿಸುತ್ತಾರೆ. ಅದು ಗೆಲ್ಲುವುದಿಲ್ಲ.

ಮಗಳು ಮೇಘನಾ ಇದೇ ಊರಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಕಾರ್ತಿಕ್, ಪರ್ತ್‌ನಲ್ಲಿ ಜಿಯಾಲಜಿಸ್ಟ್. ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿ ಅವಳು ಮನಸ್ಸು ಕೊಟ್ಟೇ ಬಿಟ್ಟಿದ್ದಳು. ಅವನು, ಮನೆಯವರನ್ನೂ ಒಮ್ಮೆ ನೋಡಿ ಹೇಳುತ್ತೇನೆ ಎಂದಿದ್ದ. ನಾವು ಕೆಡಿಸದಿದ್ದರೆ ಸಾಕಿತ್ತು. "ಜಾತಕ ಗೀತಕ ಬೇಡ, ನಾವು ಮಾಡರ್ನು" ಎಂದು ಹೇಳಿದ್ದು ಇವರೇ. ಜಾತಕದ ಜಾಗಕ್ಕೆ ಏನು ಬರಲಿದೆ ಎಂದು ನನಗೇನು ಗೊತ್ತು? ಹುಡುಗನ ಬಯೋಡೇಟಾದ ಮೇಲೆಲ್ಲ ಕೆಂಪು ಪೆನ್ನು ಆಡಿತ್ತು.

"ಓದಿದ್ದು ಅಡಿಲೇಡ್, ಕೆಲಸ ಪರ್ತ್. ಎರಡೂ ಕಡೆ ರೇಸ್ ಟ್ರ್ಯಾಕಲ್ಲಿ ಎಡಕ್ಕೆ ತಿರುಗ್ತಾರೆ. ಬ್ರಿಸ್ಬೇನಲ್ಲಿ ಬಲಕ್ಕೆ. ಇಲ್ಲಿಗೆ ಬಂದ್ರೆ ಹೊಂದಿಕೆ ಆಗುತ್ತಾ?"

"ನಾನು ಕಾರಲ್ಲಿ ಓಡಾಡ್ತೀನಿ ಅಂಕಲ್," ಎಂದ ಕಾರ್ತಿಕ್ ಮೆಲ್ಲಗೆ.

"ಗಣಿಯಲ್ಲಿ ಎರಡು ವಾರ ಕೆಲಸ, ಒಂದು ವಾರ ರಜಾ. ಅಷ್ಟು ಗ್ಯಾಪ್ ಆದ್ಮೇಲೆ ಮೊದಲನೇ ಓಟ ಹೇಗಿರುತ್ತೆ?"

"ಅಪ್ಪಾ, ಹಿ ಈಸ್ ನಾಟ್ ಎ ಹಾರ್ಸ್," ಎಂದಳು ಮೇಘನಾ.

ಮಾತು ತಿರುಗಿಸೋಣವೆಂದು ನಾನು ಕಾಫಿ ತಂದೆ. "ಸಕ್ಕರೆ ಜಾಸ್ತಿಯಾಯ್ತು" ಎಂದರು ಇವರು. "ನಿಮ್ಮ ಕುದುರೆಗಳಿಗೇ ಹೇಳಿ, ಮಾಡ್ಕೊಡ್ತವೆ" ಎಂದೆ. "ನೋಡಪ್ಪಾ, ಇವಳು ಯಾವಾಗ್ಲೂ ಹೀಗೇ" ಎಂದು ಅತಿಥಿಗೆ ದೂರು ಕೊಟ್ಟರು. ಆ ಅತಿಥಿಯ ಎದುರೇ ನಾನು ಜಗಳದಲ್ಲಿ ನಮ್ಮತ್ತೆಯವರೆಗೂ ಹೋಗಿ ಬಂದೆ. (ಬೇಕಿತ್ತಾ? ಬೇಕಿರಲಿಲ್ಲ.) ಕಾರ್ತಿಕ್ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದ. ಮಗಳ ಕಣ್ಣು ತುಂಬಿದ್ದು ಕಂಡು ನನಗೆ ನಾಚಿಕೆಯಾಯಿತು.

ಕೊನೆಗೆ ಅವನೇ ಬಾಯಿಬಿಟ್ಟ. "ಅಂಕಲ್, ಒಂದ್ ಡೌಟು. ಇದುವರೆಗೂ ರೇಸಿಗೇ ಇಳಿಯದ ಕುದುರೆ ಇರುತ್ತಲ್ಲ, ಅದಕ್ಕೆ ರೆಕಾರ್ಡೇ ಇರಲ್ಲ. ಆಗೇನ್ ಮಾಡ್ತೀರಾ?"

ಇವರ ಮುಖ ಅರಳಿತು. ಇಷ್ಟು ವರ್ಷಕ್ಕೆ ಒಬ್ಬ ಶಿಷ್ಯ ಸಿಕ್ಕಿದ್ದ. "ಬಹಳ ಸುಲಭ ಕಣಪ್ಪಾ. ಅದರ ಅಪ್ಪ-ಅಮ್ಮ ಹೇಗೆ ಓಡಿದ್ವು ಅಂತ ನೋಡ್ಬೇಕು. ಮರಿ ಹಾಗೇ ಓಡುತ್ತೆ."

"ನಾನೂ ಬಂದಾಗಿಂದ ಅದನ್ನೇ ನೋಡ್ತಿದ್ದೀನಿ ಅಂಕಲ್," ಎಂದು ಕಾರ್ತಿಕ್ ಲೋಟ ಕೆಳಗಿಟ್ಟ. "ಪರ್ತ್‌ಗೆ ಹೋಗಿ ಫೋನ್ ಮಾಡ್ತೀನಿ."

ಇನ್ನೂ ಮಾಡಿಲ್ಲ. ಇವರು ಬೆಳಗಾದರೆ "ಕಾಫಿ ಚೆನ್ನಾಗಿದೆ ಕಣೇ" ಅನ್ನುತ್ತಾರೆ, ನಾನು ಥ್ಯಾಂಕ್ಸ್ ಹೇಳುತ್ತೇನೆ. ರೇಸು ಮುಗಿದ ಮೇಲೆ ಚೆನ್ನಾಗಿ ಓಡಿ ಏನು ಪ್ರಯೋಜನ? ಮೇಘನಾ ನಮ್ಮಿಬ್ಬರೊಂದಿಗೂ ಮಾತು ಬಿಟ್ಟಿದ್ದಾಳೆ.

ನಮ್ಮ ಸಂಸಾರದ ಜಗಳಗಳನ್ನು ಈ ಅಂಕಣದಲ್ಲಿ ವಾರವಾರವೂ ಓದಿ ಬಲ್ಲವರು ನೀವು. ನಿಜ ಹೇಳಿ, ನೀವಾಗಿದ್ದರೆ ನಮ್ಮ ಮಗಳ ಮೇಲೆ ಬಾಜಿ ಕಟ್ಟುತ್ತಿದ್ದಿರಾ?