ಜೇಬಿನಲ್ಲಿದ್ದ ಹಿತ್ತಾಳೆ ಲಿಂಕ್

ಕಾರಣವಿಲ್ಲದೆ ಒಂದು ವಿದ್ಯುತ್ ಲೈನು ತಾನಾಗಿ ಬಂದ್ ಆಯಿತು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನಂಬದಿರುವುದೇ ನನ್ನ ಉದ್ಯೋಗ ಎನ್ನಬಹುದು. ಸಬ್‌ಸ್ಟೇಷನ್ನುಗಳಲ್ಲಿ ರಿಲೇ ಎಂಬ ಉಪಕರಣವಿರುತ್ತದೆ. ತಂತಿ ಹರಿದೋ ಮರ ಬಿದ್ದೋ ಲೈನಿನಲ್ಲಿ ಹರಿಯಬಾರದಷ್ಟು ಕರೆಂಟು ಹರಿದರೆ ಅದನ್ನು ಗುರುತಿಸಿ, ಹೊರಗಿನ ಯಾರ್ಡಿನಲ್ಲಿರುವ ಬ್ರೇಕರಿಗೆ ಸೂಚನೆ ಕೊಟ್ಟು, ಲೈನು ಬಂದ್ ಮಾಡಿಸುವುದು ಅದರ ಕೆಲಸ. ಆ ರಿಲೇಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಮನೆ ಕೊರಟಗೆರೆಯಲ್ಲಿ. ಮಧುಗಿರಿ, ಶಿರಾ, ಪಾವಗಡದ ಸಬ್‌ಸ್ಟೇಷನ್ನುಗಳಿಗೆಲ್ಲ ಸರದಿಯಂತೆ ಹೋಗುತ್ತಿರುತ್ತೇನೆ. ಕರೆಂಟು ಹೋದರೆ ಜನ ಕೇಳುವುದು ಯಾವಾಗ ಬರುತ್ತದೆ ಎಂದು. ನಾವು ಕೇಳುವುದು ಯಾಕೆ ಹೋಯಿತು ಎಂದು.

ಕಳ್ಳಂಬೆಳ್ಳದ ಕಡೆ ಒಮ್ಮೆ, ಮುಸ್ಸಂಜೆಯಾದರೆ ಸಾಕು ಒಂದು ಲೈನು ಟ್ರಿಪ್ ಆಗಿ ಬಂದಾಗುತ್ತದೆ, ಪಕ್ಕದ ಹಳೇ ಸಮಾಧಿಯೇ ಇದಕ್ಕೆ ಕಾರಣ ಎಂದು ಅಲ್ಲಿನವರು ಗಂಭೀರವಾಗಿ ಹೇಳಿದರು. ನಾನು ಸಮಾಧಿಯನ್ನು ಬಿಟ್ಟು ಅದರ ಹಿಂದಿನ ಹುಣಸೆಮರವನ್ನು ನೋಡಿದೆ. ಮರದ ತುಂಬ ಬಾವಲಿಗಳು. ಕತ್ತಲಾಗುತ್ತಲೇ ಗುಂಪಾಗಿ ಹೊರಡುವಾಗ ಒಂದಲ್ಲ ಒಂದು ಎರಡು ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಇಂಥವನ್ನು ಎಷ್ಟೋ ಕಂಡಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ. ಊರಿನ ಹೆಸರು ಬೇಕೆಂದೇ ಹೇಳುತ್ತಿಲ್ಲ. ಭೂತಪ್ರೇತಗಳ ಹೊತ್ತೇನೂ ಅಲ್ಲ, ಹಾಡಹಗಲು. ಆ ಸ್ಟೇಷನ್ನಿನಿಂದ ಹೊರಡುವ ಲೈನುಗಳಲ್ಲಿ ಎರಡು, ರಸ್ತೆಯ ಪಕ್ಕದಲ್ಲಿ ಜೊತೆಜೊತೆಯಾಗಿ ಬಹಳ ದೂರ ಸಾಗುತ್ತವೆ. ಒಂದಕ್ಕೆ ಕೆರೆ ಲೈನು, ಇನ್ನೊಂದಕ್ಕೆ ಗುಡ್ಡದ ಲೈನು ಎಂದು ಹೆಸರು. ಅಂದು ಕೆರೆ ಲೈನಿನಲ್ಲಿ ದುರಸ್ತಿಯಿತ್ತು. ಅದನ್ನು ಬಂದ್ ಮಾಡಿಸಿಕೊಂಡು ಲೈನ್‌ಮನ್ ಪಾತಲಿಂಗಪ್ಪ ಬೆಳಗ್ಗೆಯೇ ಬೈಕಿನಲ್ಲಿ ಹೋಗಿದ್ದರು. ಗುಡ್ಡದ ಲೈನು ಎಂದಿನಂತೆ ಚಾಲ್ತಿಯಲ್ಲಿತ್ತು. ನಾನು ಪರೀಕ್ಷಿಸಬೇಕಿದ್ದದ್ದು ಆ ಗುಡ್ಡದ ಲೈನಿನ ರಿಲೇಯನ್ನು.

ಲೈನು ಓಡುತ್ತಿರುವಾಗಲೇ ರಿಲೇ ಪರೀಕ್ಷಿಸಬೇಕಾದರೆ ನಮ್ಮಲ್ಲಿ ಒಂದು ಕ್ರಮವಿದೆ. ರಿಲೇಯಿಂದ ಬ್ರೇಕರಿಗೆ ಸೂಚನೆ ಹೋಗುವ ದಾರಿಯಲ್ಲಿ ಬೆರಳುದ್ದದ ಎರಡು ಹಿತ್ತಾಳೆ ತುಂಡುಗಳಿರುತ್ತವೆ. ಇವಕ್ಕೆ ಟ್ರಿಪ್ ಲಿಂಕ್ ಎನ್ನುತ್ತೇವೆ. ಮೊದಲು ಅವನ್ನು ಕಳಚಬೇಕು. ಕಳಚಿದ ಮೇಲೆ ರಿಲೇ ಏನೇ ಕೂಗಿಕೊಂಡರೂ ಬ್ರೇಕರಿಗೆ ಕೇಳಿಸುವುದಿಲ್ಲ. ಅಷ್ಟು ಹೊತ್ತು ಆ ಲೈನಿನ ಕಾವಲು, ಎಲ್ಲ ಲೈನುಗಳಿಗೂ ಸೇರಿ ಹಿಂದಿರುವ ದೊಡ್ಡ ರಿಲೇಯದು. ಕಳಚಿದ ಲಿಂಕುಗಳನ್ನು ಮೇಜಿನ ಮೇಲಾಗಲಿ ಪ್ಯಾನೆಲ್ಲಿನ ಮೇಲಾಗಲಿ ಇಡಬಾರದು. ಕಳಚಿದವನ ಅಂಗಿಯ ಜೇಬಿನಲ್ಲೇ ಅವು ಇರಬೇಕು, ಮನೆಗೆ ಹೊರಡುವಾಗ ಎದೆಗೆ ತಾಗಿ ನೆನಪಾಗಬೇಕು. ನನಗೆ ಕೆಲಸ ಕಲಿಸಿದವರು ಹೀಗೆ ಹೇಳಿಕೊಟ್ಟಿದ್ದರು. ಅಂದೂ ಹಾಗೇ ಮಾಡಿದೆ. ಎರಡನ್ನೂ ಕಳಚಿ ಜೇಬಿಗೆ ಹಾಕಿಕೊಂಡೆ. ಪರೀಕ್ಷೆಯ ಪೆಟ್ಟಿಗೆಯನ್ನು ಇನ್ನೂ ತೆರೆದಿರಲಿಲ್ಲ, ಒಂದು ವೈರನ್ನೂ ಜೋಡಿಸಿರಲಿಲ್ಲ.

ಆಪರೇಟರ್ ರಿಯಾಜ್, ಶಿರಾದವರು, ಹೊರಗಿನಿಂದ ಚಹಾ ತರುತ್ತಿದ್ದರು. ಅವರು ಬಾಗಿಲು ದಾಟುವಷ್ಟರಲ್ಲಿ ಯಾರ್ಡಿನಲ್ಲಿ ದಢ್ ಎಂಬ ಸದ್ದಾಯಿತು. ಬ್ರೇಕರ್ ತೆರೆದುಕೊಳ್ಳುವ ಸದ್ದು ಅದು, ನಮಗೆ ನಿದ್ದೆಯಲ್ಲೂ ತಿಳಿಯುತ್ತದೆ. ಗುಡ್ಡದ ಲೈನು ಚಾಲ್ತಿಯಲ್ಲಿದೆ ಎನ್ನುವ ಕೆಂಪು ದೀಪ ಆರಿ, ಬಂದ್ ಆಗಿದೆ ಎನ್ನುವ ಹಸಿರು ದೀಪ ಹತ್ತಿತು. ಅಲಾರಂ ಹೊಡೆದುಕೊಳ್ಳತೊಡಗಿತು.

“ಏನ್ ಸಾಬ್, ಏನಾದ್ರೂ ಮುಟ್ಟುದ್ರಾ?” ಎಂದರು ರಿಯಾಜ್.

“ಇಲ್ಲ. ನೀವು?”

“ಎರಡ್ ಕೈಯಾಗೂ ಲೋಟ ಐತೆ, ನೋಡಿ. ಕಾಲಲ್ಲಿ ಮುಟ್ಟಿದೆ ಅಂತ ಬರ್ಕೊಳ್ಳಿ.”

ಲೈನು ಹೀಗೆ ಹೋದಾಗ ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಕೊಟ್ಟು ನೋಡುವುದು ರೂಢಿ. ಮತ್ತೆ ಹೋಗದೆ ಉಳಿದರೆ ಸರಿ, ಇಲ್ಲದಿದ್ದರೆ ಹುಡುಕಿಕೊಂಡು ಹೋಗುವುದು. ರಿಯಾಜ್ ಲೋಟಗಳನ್ನಿಟ್ಟು ಅಲಾರಂ ನಿಲ್ಲಿಸಿ ಸ್ವಿಚ್ಚಿಗೆ ಕೈ ಹಾಕಿದರು. ನಾನು ತಡೆದೆ. ಯಾರ ಜೀವದ ಯೋಚನೆಯೂ ಆಗ ನನಗಿರಲಿಲ್ಲ. ಇದ್ದದ್ದು ಬರೀ ಕುತೂಹಲ. ರಿಲೇಯ ಗಾಜಿನ ಹಿಂದೆ ಸಣ್ಣ ಕೆಂಪು ಬಿಲ್ಲೆಯೊಂದಿರುತ್ತದೆ, ರಿಲೇ ಕೆಲಸ ಮಾಡಿದರೆ ಅದು ಕೆಳಗೆ ಬೀಳುತ್ತದೆ. ಬಗ್ಗಿ ನೋಡಿದೆ. ಬಿಲ್ಲೆ ಬಿದ್ದಿತ್ತು. ಜೇಬು ಮುಟ್ಟಿದೆ. ಲಿಂಕುಗಳು ಜೇಬಿನಲ್ಲೇ ಇದ್ದವು. ಪಕ್ಕದ ಲೈನಿನದನ್ನು ಕಳಚಿಬಿಟ್ಟೆನೋ ಎಂದು ಪ್ಯಾನೆಲ್ಲು ನೋಡಿದೆ. ಇಲ್ಲ, ಗುಡ್ಡದ ಲೈನಿನ ಎರಡು ಜಾಗಗಳೇ ಖಾಲಿ. ಲಿಂಕುಗಳನ್ನು ಹೊರತೆಗೆದು ರಿಯಾಜರನ್ನೂ ಕರೆದು ತೋರಿಸಿದೆ. ಅವರು ಪ್ಯಾನೆಲ್ಲನ್ನೂ ನನ್ನ ಕೈಯಲ್ಲಿದ್ದ ಹಿತ್ತಾಳೆಯನ್ನೂ ನೋಡಿದರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಪಾತಲಿಂಗಪ್ಪ ಮಾತಾಡುತ್ತಿದ್ದದ್ದು ನನಗೂ ಕೇಳಿಸಿತು. ಕೂಗುತ್ತಿರಲಿಲ್ಲ, ಮಗುವನ್ನು ಮಲಗಿಸಿದ ಕೋಣೆಯಲ್ಲಿ ಮಾತಾಡುವಂತೆ ಮೆತ್ತಗೆ ಮಾತಾಡುತ್ತಿದ್ದರು.

“ರಿಯಾಜಣ್ಣ, ಗುಡ್ಡದ ಲೈನು ಕೊಡಬ್ಯಾಡ ಕಣಣ್ಣ. ನಾನು ಅದ್ರ ಕಂಬದ ಮ್ಯಾಲೆ ಅವ್ನಿ.”

ರಿಯಾಜ್ ಸ್ವಿಚ್ಚಿನಿಂದ ದೂರ ಸರಿದು ಗೋಡೆಗೆ ಒರಗಿದರು. 

ನಡೆದದ್ದು ಇಷ್ಟು. ಆ ವರ್ಷ ರಸ್ತೆ ಅಗಲ ಮಾಡುವಾಗ ಎರಡೂ ಲೈನುಗಳ ಕಂಬಗಳನ್ನು ಸರಿಸಿದ್ದರು. ಒಂದಷ್ಟು ದೂರ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿತ್ತು. ಅದು ಪಾತಲಿಂಗಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ, ಕಂಬ ಸರಿಸುವಾಗ ಅವರೂ ಇದ್ದರು. ಆದರೆ ಹತ್ತುವಾಗ, ವರ್ಷಗಳಿಂದ ಹತ್ತಿದ ಸಾಲಿಗೇ ಕಾಲು ಹೋಯಿತು. ಮೊದಲ ಕಂಬದಲ್ಲಿ ಕೆರೆ ಲೈನನ್ನೇ ಸರಿಯಾಗಿ ನೆಲಕ್ಕೆ ಜೋಡಿಸಿದ್ದರು, ಅಂದರೆ ತಪ್ಪಿ ಕರೆಂಟು ಬಂದರೂ ಮಣ್ಣಿಗೆ ಇಳಿಯುವಂತೆ ಅರ್ಥ್ ಮಾಡಿದ್ದರು. ಕೆಲಸದ ಕಂಬದಲ್ಲಿ ಅದನ್ನು ಮತ್ತೊಮ್ಮೆ ಮಾಡಬೇಕಿತ್ತು, ಮಾಡಲಿಲ್ಲ. ಮೇಲೇರಿ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಗ ಕೆಳಗಿನ ಕಡಲೆಕಾಯಿ ಹೊಲದ ಹೆಂಗಸು ತಲೆಯೆತ್ತಿ, ನನ್ನ ಮೋಟ್ರು ಯಾಕೆ ನಿಲ್ಲಿಸಿದೆಯೋ ಎಂದು ಜಗಳ ತೆಗೆದಳು. ನಿನ್ನ ಮೋಟ್ರಿಗೆ ಬೆಳಗ್ಗಿನಿಂದಲೇ ಕರೆಂಟಿಲ್ಲವಲ್ಲ ತಾಯಿ ಎಂದು ಇವರು. ನಿನ್ನ ಕಣ್ಣೇನು ಹೋಗಿದೆಯಾ, ಈಗ ತಾನೇ ನೀರು ಬರುತ್ತಿತ್ತು, ನೀನು ಕೈ ಚಾಚುತ್ತಲೂ ನಿಂತಿತು ಎಂದು ಆಕೆ. ಇವರು ಪೈಪಿನ ಬಾಯಿ ನೋಡಿದರು. ಕಾಲುವೆಯಲ್ಲಿ ನೀರು ಇನ್ನೂ ಹರಿಯುತ್ತಲೇ ಇತ್ತು. ತಾವು ಹಿಡಿದದ್ದು ಗುಡ್ಡದ ಲೈನೆಂದು ಆಗ ಹೊಳೆದು, ತಂತಿ ಬಿಟ್ಟು, ಕಂಬ ತಬ್ಬಿಕೊಂಡು ಫೋನು ತೆಗೆದರಂತೆ.

ನಾನು ಆಮೇಲೆ ಹುಡುಕಿದ್ದನ್ನೆಲ್ಲ ಹೇಳಿಬಿಡುತ್ತೇನೆ. ಪಾತಲಿಂಗಪ್ಪ ಮುಟ್ಟಿದ್ದರಿಂದಲೇ ಲೈನು ಹೋಯಿತು ಎನ್ನಲಾಗದು. ಹಾಗಿದ್ದರೆ ಅವರ ಕೈ ಉಳಿಯುತ್ತಿರಲಿಲ್ಲ. ಅವರ ಅಂಗೈಯಲ್ಲಿ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಹಿಂದಿನ ದೊಡ್ಡ ರಿಲೇ ಅಲುಗಿಯೂ ಇರಲಿಲ್ಲ. ಬ್ರೇಕರನ್ನು ಹಿಡಿದಿಡುವ ಕೊಕ್ಕೆ ಸವೆದಿದ್ದರೆ ತಾನಾಗಿ ಜಾರಬಹುದು. ಬಿಚ್ಚಿಸಿ ನೋಡಿದೆ, ಸವೆದಿರಲಿಲ್ಲ. ಬ್ರೇಕರನ್ನು ತೆರೆಸುವ ತಂತಿಸುರುಳಿಗೆ ಬೇರೆ ದಾರಿಯಲ್ಲಿ ಕರೆಂಟು ನುಗ್ಗಿರಬಹುದೆಂದು ನೆಲದೊಳಗಿನ ಕೇಬಲ್ಲಿನ ಒಂದೊಂದು ಎಳೆಯನ್ನೂ ಪರೀಕ್ಷಿಸಿದೆ. ಇಲಿ ಕಡಿದಿರಲಿಲ್ಲ, ತೇವವಿರಲಿಲ್ಲ. ಬ್ರೇಕರಿನ ಸದ್ದಿಗೇ ಅದುರಿ ಬಿಲ್ಲೆ ಬಿದ್ದಿರಬಹುದೆಂದು ಬ್ರೇಕರನ್ನು ಮತ್ತೆ ಮತ್ತೆ ತೆರೆದು ಮುಚ್ಚಿಸಿದೆ. ಒಮ್ಮೆಯೂ ಬೀಳಲಿಲ್ಲ. ಆದರೂ ಒಪ್ಪಿಕೊಳ್ಳೋಣ, ಕೊಕ್ಕೆ ಒಮ್ಮೆ ಜಾರಿತು, ಬಿಲ್ಲೆ ಒಮ್ಮೆ ಬಿತ್ತು. ಬೇರೆಬೇರೆಯಾಗಿ ಯಾವುದೂ ಅಸಾಧ್ಯವಲ್ಲ. ಆದರೆ ಒಬ್ಬ ಮನುಷ್ಯ ಕೈ ಚಾಚಿದ ಆ ಗಳಿಗೆಗೇ ಎರಡೂ ಯಾಕೆ ಆದವು ಎಂಬುದನ್ನು ನನ್ನ ಯಾವ ಮೀಟರೂ ತೋರಿಸುವುದಿಲ್ಲ.

ಟ್ರಿಪ್ಪಿಗೆ ಕಾರಣ ಬರೆಯಲೇಬೇಕಾಗಿತ್ತು. ಮೇಲಿನವರು ಫೋನಿನಲ್ಲಿ, ಅಳಿಲು ಅಂತ ಹಾಕಿ ಮುಗಿಸ್ರೀ, ಅಳಿಲೇನು ಬಂದು ಕೇಳುತ್ತಾ ಎಂದು ನಕ್ಕರು. ನನಗೆ ಬರೆಯಲಾಗಲಿಲ್ಲ. ತಿಳಿದುಬಂದಿಲ್ಲ ಎಂದು ಬರೆದೆ. ನನ್ನ ಸರ್ವೀಸಿನಲ್ಲಿ ಹಾಗೆ ಬರೆದದ್ದು ಅದೊಂದೇ.

ಒಂದು ಭಾನುವಾರ ಪಾತಲಿಂಗಪ್ಪ ರಿಯಾಜರನ್ನೂ ನನ್ನನ್ನೂ ಮಧ್ಯಾಹ್ನದ ಊಟಕ್ಕೆ ಕರೆದರು. ಲೈನು ಆಫ್ ಮಾಡಿದವರಿಗೆ ಒಂದು ಹೊತ್ತು ಊಟ ಹಾಕಬೇಕೆಂದು ಅವರ ಹೆಂಡತಿ ಅಲಿವೇಲಮ್ಮ ಹಟ ಹಿಡಿದಿದ್ದರಂತೆ. ಆಕೆ ಪಾವಗಡದ ಆಚೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ನಡುಮನೆಯಲ್ಲಿ ಎರಡು ಎಲೆ ಹಾಕಿ, ಹೋಳಿಗೆ ಬಡಿಸಿ, ತುಪ್ಪದ ಬಟ್ಟಲು ಹಿಡಿದು ನಿಂತರು.

“ನಿಮ್ಮಿಬ್ರಲ್ಲಿ ಆಫ್ ಮಾಡಿದ್ದು ಯಾರಪ್ಪಾ? ಅವ್ರಿಗೆ ಮೊದ್ಲು ತುಪ್ಪ ಹಾಕ್ತೀನಿ.”

ರಿಯಾಜ್ ನನ್ನನ್ನು ತೋರಿಸಿದರು. ನಾನು ಅಲ್ಲವೆಂದೆ. ಆಕೆ ರಿಯಾಜರ ಕಡೆ ತಿರುಗಿದರು. ಅವರು ಎರಡು ಲೋಟದ ಕತೆ ಹೇಳಿದರು. ಪಾತಲಿಂಗಪ್ಪ ನೆಲ ನೋಡುತ್ತಿದ್ದರು.

“ಯಾರೂ ಆಫ್ ಮಾಡಿಲ್ಲಮ್ಮ. ಅದಾಗೇ ಆಯ್ತು,” ಎಂದೆ.

“ಅಯ್ಯೋ, ಏಮಿ ಸಾರ್ ನೀವು, ಓದಿದೋರು. ಯಾರೂ ಮಾಡ್ದೆ ಹೆಂಗಾಯ್ತದೆ?”

ನಾನು ಎಷ್ಟೋ ಸ್ಟೇಷನ್ನುಗಳಲ್ಲಿ ಎಷ್ಟೋ ಆಪರೇಟರುಗಳನ್ನು ಕೇಳಿದ್ದ ಪ್ರಶ್ನೆ ಅದು.  ಆಕೆ ಒಳಗೆ ಹೋಗಿ ಇನ್ನೊಂದು ಎಲೆ ತಂದರು. ನನ್ನ ಪಕ್ಕದಲ್ಲಿ ಹಾಸಿ, ನೀರು ಚಿಮುಕಿಸಿ, ನಮಗೆ ಬಡಿಸಿದ್ದನ್ನೆಲ್ಲ ಅದೇ ಕ್ರಮದಲ್ಲಿ ಅದಕ್ಕೂ ಬಡಿಸಿದರು. ಮೊದಲ ತುಪ್ಪ ಅದಕ್ಕೆ ಬಿತ್ತು. ಆಮೇಲೆ ನಮಗೆ.  ಆ ಎಲೆಯ ಪಕ್ಕದಲ್ಲಿ ಕುಳಿತು ನಾನು ಹೊಟ್ಟೆ ತುಂಬ ಉಂಡೆ.

ಆ ಹಳೆಯ ರಿಲೇಯನ್ನು ಈಗ ತೆಗೆದಿದ್ದಾರೆ. ಕಳಿಸುವ ಮುಂಚೆ ಕೊನೆಯ ಬಾರಿ ನಾನೇ ಪರೀಕ್ಷಿಸಿದೆ. ಎಲ್ಲ ಸರಿಯಾಗಿತ್ತು. ಎಷ್ಟು ಕರೆಂಟಿಗೆ ಎಷ್ಟು ಹೊತ್ತಿಗೆ ಬಿಲ್ಲೆ ಬೀಳಬೇಕೋ ಅಷ್ಟಕ್ಕೇ ಬೀಳುತ್ತಿತ್ತು. ಪಾತಲಿಂಗಪ್ಪ ಈಗ ಪ್ರತಿ ಕಂಬದಲ್ಲೂ ತಂತಿಯನ್ನು ನೆಲಕ್ಕೆ ಜೋಡಿಸದೆ ಕೈ ಎತ್ತುವುದಿಲ್ಲ. ನಾನು ಆ ಕಡೆ ಹೋದಾಗ ಒಮ್ಮೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅಲಿವೇಲಮ್ಮ ಸಿಗುತ್ತಾರೆ. ಕ್ಷೇಮ ಸಮಾಚಾರ ಆದ ಮೇಲೆ ತಪ್ಪದೆ ಕೇಳುತ್ತಾರೆ.

“ಗೊತ್ತಾಯ್ತಾ ಸಾರ್, ಯಾರು ಅಂತ?”

“ಇನ್ನೂ ಇಲ್ಲಮ್ಮ,” ಎನ್ನುತ್ತೇನೆ.

“ನೋಡ್ತಿರಿ,” ಎಂದು ಹೇಳಿ ಆಕೆ ಬಸ್ಸು ಹತ್ತುತ್ತಾರೆ.